ಆಟಿ ತಿಂಗ್ಳಲ್ಲಿ ಕಲ್ತ ಎಡಿಟಿಂಗ್: ಕಾಸರಗೋಡಿನಿಂದ ನನ್ನ ಅನುಭವ

ಕಾಸರಗೋಡಲ್ಲಿ ಕೂತ್ಕೊಂಡು ವಿಡಿಯೋ ಎಡಿಟಿಂಗ್ ಕಲಿಯುದು ಹೇಗೆ, ಕೆಲ್ಸ ಕೊಡುವವ್ರು ಯಾರು, ಕೊಚ್ಚಿಗೋ ಬೆಂಗ್ಳೂರಿಗೋ ಹೋಗ್ಲೇಬೇಕಾ ಅಂತ ಹುಡುಗ್ರು ಆಗಾಗ ಫೋನ್ ಮಾಡಿ ಕೇಳ್ತಾರೆ. ಪ್ರತಿ ಸಲ ಅರ್ಧಂಬರ್ಧ ಹೇಳಿ ಇಡುದಾಗ್ತದೆ, ಯಾಕಂದ್ರೆ ಈ ಫೋನೆಲ್ಲ ಬರುದೇ ನಾನು ರೆಂಡರ್ ಹಾಕಿ ಡೆಲಿವರಿ ಟೆನ್ಶನಲ್ಲಿ ಇರುವಾಗ. ಹಾಗಾಗಿ ಒಮ್ಮೆ ಕೂತು ಬರೆದು ಬಿಡುವ ಅಂತ. ನಾನು ಯಾವ ಇನ್‌ಸ್ಟಿಟ್ಯೂಟಿಗೂ ಹೋದವ ಅಲ್ಲ. ಪುಣೆಯಲ್ಲಿ ಸಿನಿಮಾ ಕಲಿಸುವ ಎಫ್‌ಟಿಐಐ ಉಂಟು, ಹೆಸರಘಟ್ಟದಲ್ಲಿ ಸರ್ಕಾರಿ ಇನ್‌ಸ್ಟಿಟ್ಯೂಟ್ ಉಂಟು, ಇತ್ಲಾಗಿ ಕೊಟ್ಟಾಯಂ ಜಿಲ್ಲೆಯಲ್ಲಿ ಕೆ.ಆರ್. ನಾರಾಯಣನ್ ಹೆಸರಿನದ್ದು ಉಂಟು, ಸೀಟು ಸಿಕ್ಕಿ ದುಡ್ಡು ಹೊಂದಿಸ್ಲಿಕ್ಕೆ ಆಗುವವ್ರು ಖಂಡಿತ ಹೋಗಿ. ನಾನು ಹೇಳುದು ಹೋಗ್ಲಿಕ್ಕೆ ಆಗದವ್ರ ವಿಷ್ಯ.

ನನ್ನ ಶುರು ಮದುವೆ ಸ್ಟುಡಿಯೋದಲ್ಲಿ. ಆಗ ಇಲ್ಲಿ ಎಲ್ಲಿ ನೋಡಿದ್ರೂ ಎಡಿಯಸ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್, ಕ್ಯಾಮರಾ ಮಿನಿ ಡಿವಿ ಟೇಪಿನದ್ದು. ಟೇಪನ್ನು ಕಂಪ್ಯೂಟರಿಗೆ ಹಾಕುದು ಅಂದ್ರೆ ಈಗಿನ ಹಾಗೆ ಕಾರ್ಡ್ ಸಿಕ್ಕಿಸಿ ಕಾಪಿ ಹಾಕುದಲ್ಲ, ಒಂದು ಗಂಟೆ ಟೇಪಿಗೆ ಒಂದು ಗಂಟೆಯೇ ಬೇಕು, ಹಾರ್ಡ್ ಡಿಸ್ಕಲ್ಲಿ ಸುಮಾರು 13 ಜಿಬಿ ತಿಂತದೆ. ಕಾಯ್ಲೇಬೇಕಲ್ಲ, ಹಾಗೆ ಕಾಯ್ತಾ ಕಾಯ್ತಾ ಫುಟೇಜ್ ಪೂರ್ತಿ ನೋಡುವ ಅಭ್ಯಾಸ ಆಯ್ತು. ಧಾರೆ ಎರೆಯುವಾಗ ಹುಡುಗಿಯ ಅಪ್ಪ ಎಲ್ಲಿ ನೋಡ್ತಿದ್ರು, ಊಟದ ಪಂಕ್ತಿಯಲ್ಲಿ ಯಾವ ಅಜ್ಜಿ ನಗಾಡಿದ್ರು, ಎಲ್ಲ ಮಂಡೆಯಲ್ಲಿ ಕೂತಿರ್ತದೆ. ಈಗಿನ ಹುಡುಗ್ರು ಸ್ಕ್ರಬ್ ಮಾಡಿ ಮಾಡಿ, ಅಂದ್ರೆ ಬೇಗ ಬೇಗ ಓಡಿಸಿ, ಒಳ್ಳೆ ಶಾಟ್ ಮಾತ್ರ ಹೆಕ್ಕುದು, ಅದ್ರಲ್ಲಿ ಸ್ಪೀಡ್ ಉಂಟು ಒಪ್ತೇನೆ, ಆದ್ರೆ ಕ್ಯಾಮರಾದವ ಗೊತ್ತಿಲ್ಲದೆ ಹಿಡಿದ ಒಳ್ಳೆ ಶಾಟ್ ಅವ್ರಿಗೆ ಸಿಗುದೇ ಇಲ್ಲ.

ಸ್ಟುಡಿಯೋದಲ್ಲಿ ಬಟನ್ ಎಲ್ಲ ಕಲ್ತೆ. ಎಡಿಟಿಂಗ್ ಅಂತ ಹೇಳುದನ್ನು ಕಲ್ತದ್ದು ಮಾತ್ರ ಆಟಿ ತಿಂಗ್ಳಲ್ಲಿ, ಅಂದ್ರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ. ನಮ್ಮ ಕಡೆಯವ್ರಿಗೆ ಗೊತ್ತುಂಟು, ಆಟಿಯಲ್ಲಿ ಮದುವೆ ಇಲ್ಲ, ಮಲಯಾಳಿಗಳಿಗೂ ಅದೇ ಹೊತ್ತಲ್ಲಿ ಕರ್ಕಾಟಕ, ಅವ್ರಿಗೂ ಇಲ್ಲ. ಯಕ್ಷಗಾನ ಮೇಳದವ್ರು ಮೇ ಕೊನೆಯ ಪತ್ತನಾಜೆಗೇ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿರ್ತಾರೆ. ಹೊರಗೆ ಧೋ ಅಂತ ಮಳೆ, ಔಟ್‌ಡೋರ್ ಶೂಟೂ ಇಲ್ಲ. ಬ್ಯಾರಿ ಮತ್ತೆ ಮಾಪಿಳ್ಳೆ ಮದುವೆ ಮಾಡುವ ಉಪ್ಪಳದ ದೋಸ್ತಿಗೆ ಮಾತ್ರ ಆಗ್ಲೂ ಕೆಲ್ಸ ಇರ್ತದೆ, ಅವ ರಾತ್ರಿ ಬಂದು ಸೇರುದು. ಬದಿಯಡ್ಕದಲ್ಲಿ ಒಂದು ಅಂಗಡಿಯ ಮಾಳಿಗೆಯಲ್ಲಿ ನಾವು ನಾಲ್ಕೈದು ಜನ ಕೂರ್ಲಿಕ್ಕೆ ಶುರು ಮಾಡಿದ್ದು, ನೀರ್ಚಾಲಿನವ, ಮುಳ್ಳೇರಿಯದವ, ಈ ಉಪ್ಪಳದವ, ಮತ್ತೆ ಕಾಞಂಗಾಡಿನ ಒಬ್ರು ಮಲಯಾಳಿ ಚೇಟ (ಅಣ್ಣ). ಮಾತು ಕನ್ನಡದಲ್ಲಿ ಶುರುವಾಗಿ ತುಳುವಿಗೆ ಹೋಗಿ ಚೇಟನ ಮುಖ ನೋಡಿ ಮಲಯಾಳಕ್ಕೆ ಬಂದು ನಿಲ್ತದೆ.

ನಾವು ಮಾಡಿದ್ದು ದೊಡ್ಡ ವಿದ್ಯೆ ಎಂತದೂ ಅಲ್ಲ. ಒಂದೇ ಫುಟೇಜನ್ನು ಎಲ್ರೂ ಕಾಪಿ ಮಾಡ್ಕೊಂಡು ಮನೆಗೆ ಹೋಗಿ ಕಟ್ ಮಾಡಿ ತರುದು, ಮತ್ತೆ ಒಟ್ಟಿಗೆ ಕೂತು ನೋಡುದು. ಯಾವುದು ಯಾರದ್ದು ಅಂತ ಹೇಳ್ಲಿಕ್ಕಿಲ್ಲ. ಮೊದ್ಲು ಸೌಂಡ್ ಬಂದ್ ಮಾಡಿ ಒಮ್ಮೆ, ಆಮೇಲೆ ಚಿತ್ರ ಮುಚ್ಚಿ ಸೌಂಡ್ ಮಾತ್ರ ಒಮ್ಮೆ, ಕಡೆಗೆ ಎರಡೂ ಸೇರಿಸಿ. ಹೊಗಳುದು ನಿಷೇಧ, ‘ಸೂಪರ್ ಬ್ರೋ’ ಅಂದ್ರೆ ಆ ದಿನದ ಗೋಳಿಬಜೆ ದುಡ್ಡು ಅವನದ್ದೇ.

ತೆಂಕುತಿಟ್ಟಿನ ಒಂದು ಯಕ್ಷಗಾನ ಆಟದ ಮೂರು ಕ್ಯಾಮರಾ ಫುಟೇಜ್ ಇತ್ತು, ಅದ್ರಲ್ಲಿ ಒಂದು ಯುದ್ಧದ ಪದ್ಯ. ಉಪ್ಪಳದವ ಚೆಂಡೆಯ ಪೆಟ್ಟಿಗೊಂದು ಕಟ್ ಹಾಕಿ ತಂದಿದ್ದ, ನೋಡ್ಲಿಕ್ಕೆ ಗಮ್ಮತ್ತಾಗಿಯೇ ಇತ್ತು, ರೀಲ್ಸಿಗೆ ಹಾಕಿದ್ರೆ ಓಡ್ತದೆ. ನೀರ್ಚಾಲಿನವ ದಿಗಿಣ, ಅಂದ್ರೆ ಸುತ್ತುತ್ತಾ ಹಾರುವ ಕುಣಿತ, ಶುರುವಾದ ಕೂಡ್ಲೇ ಇಡೀ ರಂಗ ಕಾಣುವ ವೈಡ್ ಶಾಟಿಗೆ ಹೋದವ ಮುಗಿಯುವಲ್ಲಿವರೆಗೆ ಕದಲ್ಲೇ ಇಲ್ಲ. ಚೇಟನಿಗೆ ಯಕ್ಷಗಾನ ಅಷ್ಟು ಗೊತ್ತಿಲ್ಲ, ಅವ್ರು ಉಪ್ಪಳದವನದ್ದನ್ನು ಅಲ್ಲಲ್ಲಿ ನಿಲ್ಲಿಸಿ ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ, ‘ಎಂದಿನಾ ಇವಿಡೆ ಕಟ್ ಚೆಯ್ದದ್?’ ಇಲ್ಲಿ ಯಾಕೆ ಕಟ್ ಮಾಡಿದ್ದು ಅಂತ. ತಾಳಕ್ಕೆ ಅಂತ ಇವ. ತಾಳ ಕಿವಿಗೆ ಕೇಳ್ತಾ ಉಂಟಲ್ಲ, ಕಣ್ಣಿಗೆ ಎಂತ ಹೊಸತು ಕೊಟ್ಟೆ ಅಂತ ಚೇಟ. ಮಂಡೆಬಿಸಿಯ ಪ್ರಶ್ನೆ ಮಾರಾಯ್ರೆ. ದಿಗಿಣ ಹಾರುವಾಗ ಕಾಲು ನೆಲ ಬಿಡುದು, ಮೈ ತಿರುಗುದು, ಪುನಃ ಕಾಲು ಊರುದು ಇಷ್ಟೂ ಒಂದೇ ಶಾಟಲ್ಲಿ ಕಂಡ್ರೆ ಮಾತ್ರ ಅದು ಕಲಾವಿದನದ್ದು, ನಡುವಲ್ಲಿ ನಾಲ್ಕು ಕಟ್ ಬಿದ್ರೆ ಅದು ಎಡಿಟರನ ದಿಗಿಣ ಆಗ್ತದೆ. ಅರ್ಥಗಾರಿಕೆ, ಅಂದ್ರೆ ವೇಷಧಾರಿಗಳ ಮಾತು, ಮಾತ್ರ ಬೇರೆಯೇ. ಒಬ್ಬ ಮಾತಾಡ್ತಾ ಇರುವಾಗ ಎದುರು ನಿಂತ ವೇಷದ ಮುಖಕ್ಕೆ ಮೊದ್ಲೇ ಹೋಗಿ, ಮಾತು ಹಿಂದಿನಿಂದ ಬರ್ತಾ ಇರ್ಲಿ. ಎಲ್-ಕಟ್ ಅಂತ ಪಾಠದಲ್ಲಿ ಹೇಳುದು ಅದನ್ನೇ.

ವಾಲ್ಟರ್ ಮರ್ಚ್ ಅಂತ ಹಾಲಿವುಡ್ಡಿನ ದೊಡ್ಡ ಎಡಿಟರ್, ಕಟ್ಟಿಗೆ ಆರು ಕಾರಣ ಹೇಳಿ ಮಾರ್ಕು ಹಾಕಿದ್ದಾರೆ. ಭಾವನೆಗೆ 51, ಕಥೆಗೆ 23, ಲಯಕ್ಕೆ 10, ನೋಡುವವನ ಕಣ್ಣು ಎಲ್ಲಿದೆ ಅನ್ನುದಕ್ಕೆ 7, ಉಳಿದ 9 ಪರದೆಯ ಮೇಲಿನ ಲೆಕ್ಕಾಚಾರ ಮತ್ತೆ ಜಾಗದ ಕಂಟಿನ್ಯೂಟಿಗೆ. ಇದನ್ನು ಓದಿ ಬಾಯಿಪಾಠ ಹೇಳುವವ್ರು ತುಂಬಾ ಜನ ಇದ್ದಾರೆ. ನನಗದು ಹೊಟ್ಟೆಗೆ ಇಳಿದದ್ದು ಆ ಮಾಳಿಗೆಯಲ್ಲಿ, ಒಂದೇ ಪದ್ಯದ ಬೇರೆ ಬೇರೆ ಕಟ್ ಒಂದರ ಹಿಂದೆ ಒಂದು ನೋಡುವಾಗ. ಯಕ್ಷಗಾನದಲ್ಲಿ ಲಯಕ್ಕೆ 10 ಸಾಕಾ ಅಂತ ನಮ್ಮಲ್ಲಿ ಇನ್ನೂ ಜಗಳ ಉಂಟು, ನನ್ನ ಪ್ರಕಾರ ಸಾಲದು.

ಟೆಕ್ನಿಕಲ್ ವಿಷ್ಯವೂ ಹೀಗೇ ಕೂತು ಬಂದದ್ದು. ರಾತ್ರಿ ಇಡೀ ಆಟ ಶೂಟ್ ಮಾಡಿದವ್ರಿಗೆ ಗೊತ್ತು, ತುಂಬಾ ಡಿಎಸ್‌ಎಲ್‌ಆರ್‌ಗಳು 29 ನಿಮಿಷ 59 ಸೆಕೆಂಡಿಗೆ ತನ್ನಷ್ಟಕ್ಕೆ ನಿಲ್ತಿದ್ವು. ಯುರೋಪಿನಲ್ಲಿ ಅದಕ್ಕಿಂತ ಜಾಸ್ತಿ ಓಡುವುದನ್ನು ವಿಡಿಯೋ ಕ್ಯಾಮರಾ ಅಂತ ಲೆಕ್ಕ ಹಾಕಿ ಜಾಸ್ತಿ ಸುಂಕ ಹಾಕ್ತಿದ್ರು ಅಂತ ಕಂಪೆನಿಗಳು ಹಾಗೆ ಇಟ್ಟದ್ದು, ಅವ್ರ ಸುಂಕಕ್ಕೆ ನಮ್ಮ ಭಾಗವತ್ರ ಪದ್ಯ ತುಂಡು. ಇನ್ನೊಂದು, ಸೌಂಡ್ ರೆಕಾರ್ಡರಿನ ಗಡಿಯಾರ ಮತ್ತೆ ಕ್ಯಾಮರಾದ ಗಡಿಯಾರ ಒಂದೇ ಅಲ್ಲ. ಗಂಟೆಗೆ ಒಂದೆರಡು ಫ್ರೇಮ್ ಜಾರಿದ್ರೂ ಬೆಳಗಾಗುವಾಗ ಕೋಲು ಒಂದು ಕಡೆ, ಚೆಂಡೆಯ ಸ್ವರ ಇನ್ನೊಂದು ಕಡೆ. ಶುರುವಲ್ಲಿ ಒಮ್ಮೆ ಸೌಂಡ್ ಚಿತ್ರ ಎರಡನ್ನೂ ಹೊಂದಿಸಿ ಸಿಂಕ್ ಮಾಡಿ ಬಿಟ್ರೆ ಆಗುದಿಲ್ಲ, ಪ್ರಸಂಗದ ನಡುನಡುವೆ ಪುನಃ ಹಿಡೀಬೇಕು. ಮುಳ್ಳೇರಿಯದವ ಕಾಲೇಜಲ್ಲಿ ಫಿಸಿಕ್ಸ್ ಓದಿದವ, ಅವ ಇನ್ನೂ ಒಂದು ತೋರಿಸಿದ. 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಅಂದ್ರೆ 40 ಮಿಲಿಸೆಕೆಂಡ್, ಅಷ್ಟ್ರಲ್ಲಿ ಸ್ವರ ಹೋಗುದು ಹೆಚ್ಚುಕಮ್ಮಿ 14 ಮೀಟರ್. ಗದ್ದೆಯ ಹಿಂದೆ ಸ್ಟ್ಯಾಂಡ್ ಹಾಕಿದ ಕ್ಯಾಮರಾದ ಮೈಕಿಗೆ ಚೆಂಡೆ ಒಂದೆರಡು ಫ್ರೇಮ್ ತಡವಾಗಿಯೇ ಕೇಳುದು, ಅದನ್ನು ನೋಡಿ ವೇವ್‌ಫಾರ್ಮ್ (ಸ್ವರದ ಗೆರೆ) ಹೊಂದಿಸಿದ್ರೆ ಚಿತ್ರ ಮುಂದೆ ಓಡಿ ಹೋಗ್ತದೆ. ಮನೆಯವ್ರು ಮೊಬೈಲಲ್ಲಿ ತೆಗೆದ ವಿಡಿಯೋ ಕೊಟ್ರೆ ಅದ್ರ ಫ್ರೇಮ್ ರೇಟು ಒಂದೇ ಸಮ ಇರುದಿಲ್ಲ, ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಲ್ಲಿ ಕಾನ್ಸ್ಟಂಟ್ ಮಾಡಿಯೇ ಟೈಮ್‌ಲೈನಿಗೆ ಹಾಕಿ.

ಗಡಿಯಲ್ಲಿ ಇರುವವ್ರ ತಲೆನೋವು ಇನ್ನೊಂದು ಉಂಟು, ಅಕ್ಷರ. ಒಂದೇ ವಿಡಿಯೋಕ್ಕೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಟೈಟಲ್ ಬೇಕು. ಹುಡುಗನ ಕಡೆಯವ್ರು ಕುಂಬ್ಳೆ, ಹುಡುಗಿ ಕಡೆಯವ್ರು ಪಯ್ಯನ್ನೂರು, ಬಿಡ್ಲಿಕ್ಕುಂಟಾ? ಪ್ರಿಂಟಿಂಗ್ ಪ್ರೆಸ್ಸಿನಿಂದ ಬರುವ ಮ್ಯಾಟರ್ ನುಡಿ ಫಾಂಟಿನದ್ದು, ಮಲಯಾಳದ್ದಾದ್ರೆ ಎಂಎಲ್-ಟಿಟಿ ಫಾಂಟಿನದ್ದು, ಹಳೇ ಲೆಕ್ಕದ ಅಕ್ಷರಗಳು, ಅದನ್ನು ಯುನಿಕೋಡಿಗೆ ತಿರುಗಿಸದೆ ಪೇಸ್ಟ್ ಮಾಡಿದ್ರೆ ಭೂತದ ಬರಹ. ಯುನಿಕೋಡಲ್ಲೇ ಇದ್ರೂ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರಲ್ಲಿ ಒತ್ತಕ್ಷರ ಅಡಿಗೆ ಹೋಗದೆ ಪಕ್ಕದಲ್ಲಿ ಬಂದು ಕೂತ್ರೆ ಪ್ರಿಫರೆನ್ಸಿನ ಗ್ರಾಫಿಕ್ಸಲ್ಲಿ ಟೆಕ್ಸ್ಟ್ ಇಂಜಿನ್ ಸೌತ್ ಏಷ್ಯನ್ ಅಂತ ಇರುವುದಕ್ಕೆ ಬದಲಿಸಿ. ಇದನ್ನು ನಾನು ಮಂಗ್ಳೂರಿನ ಒಬ್ಬ ಎಡಿಟರನಿಗೆ ಫೋನಲ್ಲೇ ಹೇಳಿಕೊಟ್ಟದ್ದು, ಅವ ತುಳು ಸಿನಿಮಾದ ಕೆಲ್ಸದಲ್ಲಿದ್ದ, ಟೈಟಲ್ ಕನ್ನಡ ಲಿಪಿಯಲ್ಲಿ, ‘ಕ್ಷ’ ಒಡೆದು ಕೂತಿತ್ತು. ಅಷ್ಟೇ ಪರಿಚಯ. ಮುಂದಿನ ವರ್ಷ ಟ್ರೈಲರಿನ ಒಂದು ಕೆಲ್ಸ ನನ್ನ ಕೈಗೆ ಬಂತು.

ಇಲ್ಲಿಗೆ ನೆಟ್‌ವರ್ಕಿಂಗಿನ ವಿಷ್ಯಕ್ಕೆ ಬಂದೆವು. ಆ ಶಬ್ದ ಕೇಳಿದ್ರೆ ನನಗೆ ಕೋಟು ಹಾಕಿ ಕಾರ್ಡ್ ಹಂಚುವವ್ರ ನೆನಪಾಗುದು, ನಮ್ಮಲ್ಲಿ ಹಾಗೆ ಎಂತದೂ ಇಲ್ಲ. ಶೋರೀಲ್, ಅಂದ್ರೆ ಮಾಡಿದ ಕೆಲ್ಸದ ತುಣುಕು, ಕಳಿಸಿ ನನಗೆ ಕೆಲ್ಸ ಸಿಕ್ಕಿದ್ದು ಕಮ್ಮಿ, ದೊಡ್ಡವ್ರಿಗೆ ಶೋರೀಲ್ ನೋಡ್ಲಿಕ್ಕೆ ಪುರುಸೊತ್ತಿಲ್ಲ. ಕೆಲ್ಸ ಸಿಕ್ಕಿದ್ದು ನನ್ನ ಹಾಗೇ ಇರುವ ಎಡಿಟರುಗಳಿಂದ, ಅವ್ರಿಗೆ ಜ್ವರ ಬಂದಾಗ, ಮನೆಯಲ್ಲಿ ಸೂತಕ ಬಂದಾಗ, ಒಂದೇ ವಾರದಲ್ಲಿ ಎರಡು ಡೆಲಿವರಿ ಬಿದ್ದಾಗ. ಅಂಥ ಹೊತ್ತಲ್ಲಿ ಅವ ಯಾರಿಗೆ ಫೋನ್ ಮಾಡ್ತಾನೆ? ಭಾರೀ ಪ್ರತಿಭೆ ಇರುವವನಿಗಲ್ಲ, ಪ್ರಾಜೆಕ್ಟ್ ತೆಕ್ಕೊಂಡು ಹೋಗಿ ಹಾಗೆಯೇ ವಾಪಸ್ ಕೊಡುವವನಿಗೆ. ಬೇರೆಯವ್ರ ಪ್ರಾಜೆಕ್ಟ್ ಓಪನ್ ಮಾಡುದು ಅಂದ್ರೆ ಬೇರೆ ಮನೆಯ ಅಡಿಗೆಕೋಣೆಗೆ ಹೊಕ್ಕ ಹಾಗೆ, ಉಪ್ಪಿನ ಭರಣಿ ಎಲ್ಲಿದೆ ಅಂತ ಕೇಳದೆ ಸಿಗ್ಬೇಕು. ಹಾಗಾಗಿ ಬದಿಯಡ್ಕದಲ್ಲಿ ನಾವು ಒಂದು ಒಪ್ಪಂದ ಮಾಡ್ಕೊಂಡೆವು. ಎಲ್ರ ಫೋಲ್ಡರೂ ಒಂದೇ ನಮೂನೆ, ಕ್ಯಾಮರಾ ಪ್ರಕಾರ ಫುಟೇಜ್, ಸೌಂಡ್ ಬೇರೆ, ಗ್ರಾಫಿಕ್ಸ್ ಬೇರೆ, ಎಕ್ಸ್‌ಪೋರ್ಟಿನ ಹೆಸರಲ್ಲಿ ತಾರೀಕು. ‘ಫೈನಲ್’, ‘ಫೈನಲ್ ಫೈನಲ್’, ‘ಇದೇ ಫೈನಲ್’ ಅಂತ ಹೆಸರಿಡುವವ್ರಿಗೆ ನಮ್ಮಲ್ಲಿ ಜಾಗ ಇಲ್ಲ. ರಿಸಾಲ್ವ್ ಸಾಫ್ಟ್‌ವೇರಲ್ಲಿ ಕೆಲ್ಸ ಮಾಡುವವ ಡಿಆರ್‌ಪಿ ಅನ್ನುವ ಪ್ರಾಜೆಕ್ಟ್ ಫೈಲ್ ಮಾತ್ರ ಕಳಿಸಿದ್ರೆ ಸಾಲದು, ಅದ್ರಲ್ಲಿ ಟೈಮ್‌ಲೈನ್ ಹೋಗುದು, ಕ್ಲಿಪ್ ಹೋಗುದಿಲ್ಲ, ಕ್ಲಿಪ್ ಸಮೇತ ಬೇಕಾದ್ರೆ ಆರ್ಕೈವ್ ಮಾಡಿ ಡಿಆರ್‌ಎ ಕೊಡ್ಬೇಕು. ಪ್ರೀಮಿಯರಿನ ಹೊಸ ವರ್ಷನ್ ಪ್ರಾಜೆಕ್ಟ್ ಹಳೇದ್ರಲ್ಲಿ ಓಪನ್ ಆಗುದಿಲ್ಲ, ಹಳೇದೂ ಓದುವ ಎಕ್ಸ್‌ಎಂಎಲ್ ಫೈಲ್ ಒಂದು ಒಟ್ಟಿಗೆ ಇಡಿ. ಸಾಫ್ಟ್‌ವೇರ್ ಯಾವುದು ಒಳ್ಳೇದು ಅಂತ ಜಗಳಾಡುದು ಸುಮ್ನೆ ಟೈಮ್ ವೇಸ್ಟ್, ಶುರು ಮಾಡುವವನಿಗೆ ರಿಸಾಲ್ವಿನ ಫ್ರೀ ವರ್ಷನ್ ಧಾರಾಳ ಸಾಕು, ಯುಎಚ್‌ಡಿ (4ಕೆ) ಗಾತ್ರ, ಸೆಕೆಂಡಿಗೆ 60 ಫ್ರೇಮ್ ತನಕ ಬಿಡ್ತದೆ, ಇಲ್ಲಿ ಯಾವ ಮದುವೆಗೂ ಅದಕ್ಕಿಂತ ಜಾಸ್ತಿ ಯಾರೂ ಕೇಳಿದ್ದಿಲ್ಲ.

ಹೊರಗಿನ ಸಂಪರ್ಕಕ್ಕೆ ಎರಡು ಬಾಗಿಲು ನಮಗೆ, ಇದು ಗಡಿಯವ್ರ ಲಾಭ. ಇತ್ಲಾಗಿ ಕೇರಳದ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಎಕೆಪಿಎ ಉಂಟು, ಅತ್ಲಾಗಿ ದಕ್ಷಿಣ ಕನ್ನಡ ಉಡುಪಿಯವ್ರ ಎಸ್‌ಕೆಪಿಎ. ಹೆಸರು ಫೋಟೋಗ್ರಾಫರ್ ಅಂತ ಇದ್ರೂ ವಿಡಿಯೋದವ್ರು ಎಡಿಟರುಗಳು ಎಲ್ಲ ಅಲ್ಲಿ ಸಿಗ್ತಾರೆ. ಸಮ್ಮೇಳನದ ಭಾಷಣಕ್ಕಿಂತ ಊಟದ ಕ್ಯೂವಲ್ಲಿ ಜಾಸ್ತಿ ಕೆಲ್ಸ ಆಗ್ತದೆ, ನಾನು ಭಾಷಣಕ್ಕೆ ಕೂರುದು ಕಮ್ಮಿ. 2019ರ ನವೆಂಬರ್ ಕೊನೆಗೆ ಕಾಞಂಗಾಡಿನಲ್ಲಿ ಕೇರಳ ಸ್ಕೂಲ್ ಕಲೋತ್ಸವ ಆಗುವಾಗ ತೆಂಕಿನ ಜಿಲ್ಲೆಗಳಿಂದ ಚಾನೆಲಿನವ್ರ ದಂಡೇ ಬಂದಿತ್ತು. ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ, ಅವ್ರಿಗೆ ಪದ್ಯ ಎಲ್ಲಿ ಮುಗೀತದೆ ಅರ್ಥ ಎಲ್ಲಿ ಶುರು ಅಂತ ಗೊತ್ತಾಗುದಿಲ್ಲ, ಸ್ಟೋರಿ ಕಟ್ ಮಾಡ್ಲಿಕ್ಕೆ ಕೂತವ ಒದ್ದಾಡ್ತಿದ್ದ. ಪಕ್ಕದಲ್ಲಿ ಕೂತು ಹೇಳಿದೆ, ದುಡ್ಡು ಗಿಡ್ಡು ಎಂತ ಇಲ್ಲ. ಅವನ ಮೂಲಕ ಕೊಚ್ಚಿಯ ಒಂದು ಪೋಸ್ಟ್ ಪ್ರೊಡಕ್ಷನ್ ಸ್ಟುಡಿಯೋದಲ್ಲಿ ಸ್ವಲ್ಪ ಸಮಯ ಅಸಿಸ್ಟೆಂಟ್ ಕೆಲ್ಸ ಸಿಕ್ಕಿತು. ಸಂಜೆ ಕಾಸರಗೋಡಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗಾಗುವ ಮೊದ್ಲೇ ಎರ್ನಾಕುಳಂ.

ಅಲ್ಲಿ ಅಸಿಸ್ಟೆಂಟ್ ಅಂದ್ರೆ ಕಟ್ ಮಾಡುವವ ಅಲ್ಲ. ಶೂಟಿಂಗಿನಿಂದ ಬಂದ ಡಿಸ್ಕ್ ಎರಡು ಕಡೆ ಕಾಪಿ ಮಾಡುದು, ಪ್ರಾಕ್ಸಿ, ಅಂದ್ರೆ ಎಡಿಟಿಂಗಿಗೆ ಹಗುರ ಕಾಪಿ, ಮಾಡುದು, ಕ್ಲ್ಯಾಪ್ ನೋಡಿ ಸೌಂಡ್ ಸಿಂಕ್ ಮಾಡುದು, ಕಂಟಿನ್ಯೂಟಿ ಶೀಟಿನಲ್ಲಿ ಡೈರೆಕ್ಟರ್ ಓಕೆ ಹೇಳಿದ ಟೇಕಿಗೆ ಗುರುತು ಹಾಕುದು. ಬೋರ್ ಅಂತ ಓಡಿ ಬಂದವ್ರನ್ನು ನೋಡಿದ್ದೇನೆ. ನನಗೆ ಅದು ಪುನಃ ಟೇಪ್ ಕಾಲದ ಹಾಗೇ, ಎಲ್ಲ ಟೇಕ್ ನೋಡ್ಲಿಕ್ಕೆ ಸಿಕ್ತದೆ, ಮತ್ತೆ ಎಡಿಟರು ಅದ್ರಲ್ಲಿ ಯಾವುದನ್ನು ಬಿಟ್ರು ಅಂತ ಗೊತ್ತಾಗ್ತದೆ. ಅದಕ್ಕಿಂತ ದೊಡ್ಡ ಪಾಠ ಬೇಕಾ?

ಸೀನಿಯರುಗಳ ಹತ್ರ ಮಾತಾಡುವಾಗ ‘ಸರ್ ಒಂದು ಚಾನ್ಸ್ ಕೊಡಿ’ ಅಂದ್ರೆ ಅಲ್ಲಿಗೆ ಮಾತು ಮುಗೀತು. ಒಂದು ನಿರ್ದಿಷ್ಟ ಪ್ರಶ್ನೆ ಕೇಳಿ, ಇಂಥ ಸೀನಲ್ಲಿ ಅಷ್ಟು ಹೊತ್ತು ಒಬ್ಬಳ ಮುಖದಲ್ಲೇ ಯಾಕೆ ನಿಂತ್ರಿ ಅಂತ, ಹತ್ತು ನಿಮಿಷ ನಿಂತು ಹೇಳ್ತಾರೆ. ಡಿಸೆಂಬರಿಗೆ ತಿರುವನಂತಪುರದ ಸಿನಿಮಾ ಫೆಸ್ಟಿವಲ್ ಐಎಫ್‌ಎಫ್‌ಕೆಗೆ ಡೆಲಿಗೇಟ್ ಪಾಸ್ ಮಾಡಿ ಹೋದ್ರೆ ಇಂಥ ಅವಕಾಶ ಬೇಕಾದಷ್ಟು. ಆ ಫೆಸ್ಟಿವಲಿನ ಆರ್ಟಿಸ್ಟಿಕ್ ಡೈರೆಕ್ಟರ್ ಆಗಿ ವರ್ಷಗಟ್ಲೆ ಇದ್ದ ಬೀನಾ ಪೌಲ್ ಅವ್ರೇ ಎಡಿಟರ್, ಎಫ್‌ಟಿಐಐಯಲ್ಲಿ ಕಲ್ತವ್ರು. ಕನ್ನಡದವ್ರು ಬೆಂಗ್ಳೂರು ಫೆಸ್ಟಿವಲಿಗೆ ಹೋಗ್ತಾರೆ, ನಮಗೆ ಎರಡೂ ಆಗ್ತದೆ, ಮಲಯಾಳ ಬರ್ತದಲ್ಲ.

ದುಡ್ಡಿನ ವಿಷ್ಯ ಒಂದು ಹೇಳಿ ಬಿಡ್ತೇನೆ. ದೋಸ್ತಿಯ ಕೆಲ್ಸ ದಾಟಿಸಿ ಕಮಿಷನ್ ತೆಕ್ಕೊಳ್ಳುವ ಕ್ರಮ ಕೆಲವ್ರಲ್ಲಿ ಉಂಟು, ನಾವು ಅದನ್ನು ಇಟ್ಟಿಲ್ಲ, ಕೆಲ್ಸ ಮಾಡಿದವನಿಗೆ ಪೂರ್ತಿ, ಆದ್ರೆ ಕ್ಲೈಂಟ್ ಮೊದ್ಲಿನವನದ್ದೇ. ಅವ ಗುಣ ಆಗಿ ಬಂದ ಮೇಲೆ ಕ್ಲೈಂಟ್ ನೇರ ನಿಮ್ಗೇ ಫೋನ್ ಮಾಡಿದ್ರೂ ಅವನ ನಂಬರ್ ಕೊಡ್ಬೇಕು. ಇದು ಬರವಣಿಗೆಯಲ್ಲಿ ಎಲ್ಲೂ ಇಲ್ಲ, ತಪ್ಪಿದವ್ರನ್ನು ಮಾಳಿಗೆಗೆ ಕರೆಯುದಿಲ್ಲ ಅಷ್ಟೇ. ಬದಲಾವಣೆ ಎರಡು ಸಲ ಫ್ರೀ, ಮತ್ತಿನದ್ದಕ್ಕೆ ಲೆಕ್ಕ, ಟೈಮ್‌ಕೋಡ್ (ನಿಮಿಷ ಸೆಕೆಂಡಿನ ಲೆಕ್ಕ) ಪರದೆ ಮೇಲೆ ಒತ್ತಿದ ಕಾಪಿ ಕಳಿಸಿ ‘ಇಂಥ ನಿಮಿಷದ ಇಂಥ ಸೆಕೆಂಡ್’ ಅಂತಲೇ ಬರೆಸಿಕೊಳ್ಳಿ, ‘ಆ ಅತ್ತೆ ಬರುವಲ್ಲಿ ಸ್ವಲ್ಪ’ ಅಂತ ವಾಯ್ಸ್ ಮೆಸೇಜ್ ತೆಕ್ಕೊಂಡ್ರೆ ಯಾವ ಅತ್ತೆ ಅಂತ ಹುಡುಕ್ಲಿಕ್ಕೇ ಅರ್ಧ ದಿನ ಬೇಕು.

ಈ ಆಟಿಗೆ ಸೌಂಡ್ ಮಿಕ್ಸಿಂಗ್ ಮೇಲೆ ಕೂರುದು ಅಂತ ಮಾತಾಗಿದೆ, ತಾಳಮದ್ದಳೆಯ ಒಂದು ರೆಕಾರ್ಡಿಂಗ್ ಇಟ್ಕೊಂಡು, ಮದ್ದಳೆ ಮತ್ತೆ ಮಾತು ಒಂದನ್ನೊಂದು ತಿನ್ನದ ಹಾಗೆ ಹೇಗೆ ಮಾಡುದು ಅಂತ. ಪೆರ್ಲ, ಅಡೂರು, ಬಂದಡ್ಕ ಕಡೆಯ ಹುಡುಗ್ರು ಬರ್ಬಹುದು, ಫೀಸ್ ಗೀಸ್ ಎಂತ ಇಲ್ಲ. ಹಾರ್ಡ್ ಡಿಸ್ಕಲ್ಲಿ ಜಾಗ ಮಾಡ್ಕೊಂಡು ಬನ್ನಿ, ಹೆಡ್‌ಫೋನ್ ನಿಮ್ಮದೇ ತನ್ನಿ, ಮತ್ತೆ ಮಳೆಗಾಲದ ಕರೆಂಟಿನ ವಿಷ್ಯ ಗೊತ್ತುಂಟಲ್ಲ, ಯುಪಿಎಸ್ ಇದ್ದವ್ರು ಅದನ್ನೂ ಹಿಡ್ಕೊಂಡು ಬಂದ್ರೆ ಉಪಕಾರ.