ಕುಂಚ ಹಿಡಿಯಲು ಮನಸ್ಸಾಗದಿದ್ದಾಗ ನಮ್ಮೂರಿನ ಮಣ್ಣಿನಿಂದ ಬಣ್ಣ ಮಾಡಿಕೊಳ್ಳುವುದು ಹೇಗೆ

ಬಹಳ ದಿನದಿಂದ ಕುಂಚ ಮುಟ್ಟದೆ ಇರುವ ಚಿತ್ರಕಾರರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಒಂದು ಸಾವಾಗಿರಬಹುದು, ಕಾಯಿಲೆಯಿಂದ ಈಗಷ್ಟೇ ಎದ್ದಿರಬಹುದು, ಇಲ್ಲಾ ಕಾರಣವೇ ಗೊತ್ತಾಗದೆ ಬಿಳಿ ಹಾಳೆ ಕಂಡರೆ ಸಾಕು ಎದೆ ಭಾರವಾಗುತ್ತಿರಬಹುದು. ಅಂಥವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ, ಹೊರಗೆ ಸುತ್ತಾಡಿ ಬಾ, ಸ್ಫೂರ್ತಿ ಬರುತ್ತದೆ ಅಂತ. ಆದರೆ ಮನಸ್ಸು ಮುದುಡಿದಾಗ ಎಷ್ಟು ಚೆಂದದ ನೋಟ ಕಂಡರೂ ಅದನ್ನು ಚಿತ್ರ ಮಾಡಬೇಕಲ್ಲ ಅನ್ನುವ ಹೊರೆಯೇ ಜಾಸ್ತಿ ಅಲ್ವಾ? ಹಾಗಾಗಿ ಚಿತ್ರದ ಯೋಚನೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಮೊದಲು ಬಣ್ಣ ಮಾಡಿ. ನಮ್ಮ ಅಪ್ಪ ತೀರಿಕೊಂಡ ಮೇಲೆ ನನ್ನ ಕೈ ಮತ್ತೆ ಹಾಳೆಯ ಕಡೆ ಹೋದದ್ದು ಹೀಗೇ. ಮಣ್ಣು ಅರೆಯುವಾಗ ಚೆನ್ನಾಗಿ ಬಂತಾ, ಕೆಟ್ಟಿತಾ ಅನ್ನುವ ಚಿಂತೆಯೇ ಇರುವುದಿಲ್ಲ. ಕೈ ಸುಮ್ನೆ ತನ್ನ ಕೆಲಸ ಮಾಡುತ್ತಿರುತ್ತದೆ, ಅಷ್ಟು ಹೊತ್ತು ತಲೆಗೂ ಬಿಡುವು ಸಿಗುತ್ತದೆ.

ಈ ಕೆಲಸಕ್ಕೆ ನಮ್ಮ ಭಾಗದಷ್ಟು ಒಳ್ಳೆಯ ಜಾಗ ಕಡಿಮೆ. ಬೀದರ್ ಸುತ್ತ ಕೆಂಪು ಜಂಬಿಟ್ಟಿಗೆ ಕಲ್ಲು, ಕೆಂಪು ಮಣ್ಣು. ಕಲಬುರಗಿ, ಯಾದಗಿರಿ ಕಡೆ ಎರೆ ಮಣ್ಣು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಬೂದು ಬಣ್ಣದ ಫರಸಿ ಕಲ್ಲು. ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಬಿದರಿ ಕಲೆಗೆ ಆ ಕಪ್ಪು ಬರುವುದೂ ಮಣ್ಣಿನಿಂದಲೇ. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹಕ್ಕೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತಾ ಉಳಿಯುತ್ತದೆ. ಹಾಗಂತ ನೀವು ಕೋಟೆಗೆ ಹೋಗಿ ಮಣ್ಣು ತೆಗೆಯಬೇಡಿ. ಅದು ಸಂರಕ್ಷಿತ ಸ್ಮಾರಕ. ಮನೆ ಕಟ್ಟಲು ಪಾಯ ತೋಡಿದ ಕಡೆ, ಬಾವಿ ತೋಡಿ ಹೊರಗೆ ಹಾಕಿದ ಗುಡ್ಡೆಯಲ್ಲಿ, ಪರಿಚಯದವರ ಹೊಲದ ಬದುವಿನಲ್ಲಿ ಕೇಳಿ ತಗೊಳ್ಳಿ. ಎರಡು ಹಿಡಿ ಸಾಕು. ಪಾಯದ ಗುಂಡಿಯಲ್ಲಿ ಒಂದೇ ಗೋಡೆಯ ಮೇಲೆ ಕೆಂಪು, ಹಳದಿ, ಕಂದು ಮೂರೂ ಪಟ್ಟೆ ಪಟ್ಟೆಯಾಗಿ ಕಾಣಸಿಗುತ್ತವೆ. ಬೇರೆ ಬೇರೆ ಪೊಟ್ಟಣ ಕಟ್ಟಿ, ಯಾವ ಊರಿನದು, ಯಾವ ತಿಂಗಳು ಅಂತ ಮೇಲೆ ಬರೆಯಿರಿ. ಬೇಸಿಗೆಯಲ್ಲಾದರೆ ಬೆಳಿಗ್ಗೆ 8ರ ಒಳಗೆ ಮನೆಗೆ ವಾಪಸ್ಸು ಬಂದುಬಿಡಿ, ನಮ್ಮ ಬಿಸಿಲು ಗೊತ್ತಲ್ಲ.

ಈಗ ಕೆಲಸ. ಮಣ್ಣನ್ನು ಒಣಗಿಸಿ ಕುಟ್ಟಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ದೊಡ್ಡ ಬಾಟಲಿಯಲ್ಲಿ ನೀರು ತುಂಬಿ, ಮಣ್ಣು ಹಾಕಿ, ಚೆನ್ನಾಗಿ ಕಲಕಿ, ಅರ್ಧ ನಿಮಿಷ ಬಿಡಿ. ಮರಳು, ಹರಳು ತಳಕ್ಕೆ ಕೂರುತ್ತದೆ. ಮೇಲಿನ ಬಣ್ಣದ ನೀರನ್ನು ಇನ್ನೊಂದು ಪಾತ್ರೆಗೆ ನಿಧಾನವಾಗಿ ಬಗ್ಗಿಸಿ. ನಮಗೆ ಬೇಕಾದದ್ದು ಈ ನೀರು. ಹೀಗೆ ಎರಡು ಮೂರು ಸಲ ಮಾಡಿದರೆ ಕಡೆಗೆ ಬೆರಳಲ್ಲಿ ತಿಕ್ಕಿದರೂ ಒಂದು ಹರಳೂ ಸಿಗದಷ್ಟು ನಯವಾದ ಕೆಸರು ಉಳಿಯುತ್ತದೆ. ಅದು ಪೂರ್ತಿ ತಳ ಸೇರಲು ಒಂದು ದಿನ ಬಿಟ್ಟು, ಮೇಲಿನ ತಿಳಿ ನೀರು ಚೆಲ್ಲಿ, ಕೆಸರನ್ನು ತಟ್ಟೆಯಲ್ಲಿ ಹರಡಿ ಒಣಗಿಸಿ. ಅವಸರ ಮಾಡಬೇಡಿ. ಈ ಕಾಯುವ ಹೊತ್ತೇ ನಿಮಗೆ ಸಿಗುವ ಔಷಧಿ ಅಂತ ನಾನು ನಂಬಿದ್ದೇನೆ. ನಾಳೆ ಎದ್ದು ನೋಡಲು ಏನೋ ಒಂದು ಇದೆ ಅನ್ನುವುದು ಕೆಟ್ಟ ದಿನಗಳಲ್ಲಿ ಸಣ್ಣ ಮಾತಲ್ಲ.

ಅಂಟಿಗೆ, ಬಾಣಂತಿಯರ ಅಂಟಿನ ಉಂಡೆಗೆ ಹಾಕುವ ಗೋಂದು ತನ್ನಿ. ಕತೀರಾ ಗೋಂದು ಬೇಡ. ಅದು ನೀರಿನಲ್ಲಿ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಗೋಂದಿನ ಪುಡಿ ಒಂದು ಪಾಲು, ಬಿಸಿ ನೀರು ಎರಡು ಪಾಲು ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಸ್ವಲ್ಪ ಜೇನು ಸೇರಿಸಿ, ಇಲ್ಲದಿದ್ದರೆ ಒಣಗಿದ ಬಣ್ಣ ಬಿರುಕು ಬಿಡುತ್ತದೆ. ಬೂಸ್ಟು ಹಿಡಿಯದಂತೆ ಒಂದೆರಡು ಹನಿ ಲವಂಗದ ಎಣ್ಣೆ. ಒಣಗಿದ ಮಣ್ಣಿನ ಪುಡಿಯನ್ನು ಗಾಜಿನ ಮೇಲೋ ನಯವಾದ ಫರಸಿಯ ಮೇಲೋ ಹಾಕಿ, ಈ ಅಂಟಿನ ಜೊತೆ ಚಪ್ಪಟೆ ಕಲ್ಲಿನಿಂದ ಸುತ್ತು ಸುತ್ತಾಗಿ ಅರೆಯಿರಿ. ಮೊದಲು ಕರಕರ ಸದ್ದು ಬರುತ್ತದೆ, ಆಮೇಲೆ ಸದ್ದು ಸಣ್ಣದಾಗುತ್ತಾ ಹೋಗಿ ಬೆಣ್ಣೆಯ ಹದಕ್ಕೆ ಬರುತ್ತದೆ. ಕಿವಿಯಿಂದಲೇ ಹದ ಗೊತ್ತಾಗುತ್ತದೆ.

ಎರೆ ಮಣ್ಣು ಮಾತ್ರ ಸತಾಯಿಸುತ್ತದೆ. ಹೊಲದಲ್ಲಿ ಕರ್ರಗೆ ಕಾಣುವುದು ಹಾಳೆಯ ಮೇಲೆ ಬೂದುಗಂದು. ನೀರು ಕುಡಿದು ಉಬ್ಬುವ, ಒಣಗಿದರೆ ಬಿರಿಯುವ ಅದರ ಗುಣ ಹಾಳೆಗೂ ಬರುತ್ತದೆ, ಬೇಸಿಗೆಯ ಹೊಲದಂತೆಯೇ. ತೆಳ್ಳಗೆ ಹಚ್ಚಿದರೆ ತೊಂದರೆ ಇಲ್ಲ. ಬಿರುಕೇ ಬೇಕಿದ್ದರೆ ದಪ್ಪಗೆ ಹಚ್ಚಿ ಬಿಡಿ, ಮಳೆಗೆ ಕಾಯುವ ಹೊಲವನ್ನು ಅದು ತಾನಾಗಿ ಬರೆದುಕೊಡುತ್ತದೆ. ಅಚ್ಚ ಕಪ್ಪಿಗೆ ಎಣ್ಣೆ ದೀಪದ ಮೇಲೆ ಸ್ಟೀಲ್ ತಟ್ಟೆ ಹಿಡಿದು ಮಸಿ ಕೂಡಿಸಿ. ಮಸಿ ನೀರಿಗೆ ಸೇರುವುದಿಲ್ಲ, ದೀಪ ಆರಿಸಿದ ಮೇಲೆ ಸ್ವಲ್ಪ ಸ್ಯಾನಿಟೈಸರ್‌ನಲ್ಲಿ ನೆನೆಸಿದರೆ ಸೇರುತ್ತದೆ. ಫರಸಿ ಕಲ್ಲಿನ ಪುಡಿ ಸುಣ್ಣದ ಕಲ್ಲಿನದು, ತಿಳಿ ಬೂದು ಬಣ್ಣ ಕೊಡುತ್ತದೆ.

ನೀಲಿ ಇಲ್ಲವಲ್ಲ ಅಂತ ಕೇಳುತ್ತೀರಿ. ಮಸಿಯನ್ನು ತೆಳು ಮಾಡಿ ಬೀದರ್ ಕೆಂಪಿನ ಪಕ್ಕದಲ್ಲಿ ಹಚ್ಚಿ ನೋಡಿ, ಆ ಬೂದು ಕಣ್ಣಿಗೆ ನೀಲಿಯಾಗಿಯೇ ಕಾಣುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಆಕಾಶ ಹೇಗೂ ನೀಲಿ ಇರುವುದಿಲ್ಲ, ಬೆಳ್ಳಗೆ ಸುಟ್ಟಿರುತ್ತದೆ. ಅದಕ್ಕೆ ಬರೀ ಹಾಳೆ ಸಾಕು.

ಬಣ್ಣ ಕೈಗೆ ಬಂದ ಮೇಲೂ ಚಿತ್ರಕ್ಕೆ ಧಾವಿಸಬೇಡಿ. ಬರೀ ಪಟ್ಟಿ ಎಳೆಯಿರಿ, ದಟ್ಟದಿಂದ ತೆಳುವಿಗೆ. ಆಮೇಲೆ ಮನೆಯೊಳಗಿನದೇ ಒಂದು ವಸ್ತು. ರೊಟ್ಟಿ ಹಂಚು, ಕಲ್ಲಿನ ನೆಲದ ಮೇಲೆ ಬಿದ್ದ ಕಿಟಕಿಯ ಬಿಸಿಲು, ಪುಂಡಿಪಲ್ಯದ ಕಟ್ಟು, ಬಿಳಿಜೋಳದ ಹಿಟ್ಟಿನಲ್ಲಿ ಮುಳುಗಿದ ಅಮ್ಮನ ಕೈ. ಕುದಿಯುವ ಚಹಾ ಕೆಳಗಿಳಿಸುವಷ್ಟು ಹೊತ್ತಿನಲ್ಲಿ ಮುಗಿಯುವಂಥದ್ದು. ಬೇಸಿಗೆಯಲ್ಲಿ ನೀರುಬಣ್ಣ ಹಚ್ಚುವ ಮುಂಚೆಯೇ ಒಣಗುತ್ತದೆ, ಅದಕ್ಕೆ ಹಾಳೆಯ ಹಿಂಬದಿಯನ್ನೂ ಒದ್ದೆ ಮಾಡಿ ಹಲಗೆಗೆ ಅಂಟಿಸಿಕೊಳ್ಳಿ.

ಹೊರಗೆ ಹೋಗಬೇಕು ಅಂತ ತಾನಾಗಿ ಅನ್ನಿಸಿದ ದಿನ ಹೋಗಿ. ಮಳೆಗಾಲ ಮುಗಿಯುತ್ತಾ ಬಂದಾಗ ತೊಗರಿ ಹೊಲ ಹಳದಿ ಹೂವು ಬಿಡುತ್ತದೆ, ಎಸಳಿನ ಬೆನ್ನಿಗೆ ಕೆಂಪು ಗೆರೆಗಳಿರುವುದನ್ನು ಹತ್ತಿರ ಕೂತರೆ ಮಾತ್ರ ನೋಡುತ್ತೀರಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಹೋದಾಗ ಚಿತ್ರ ಬಿಡಿಸುವ ಪುಸ್ತಕ ಜೇಬಿನಲ್ಲಿರಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಚಿಂಚೋಳಿ ಕಾಡಿನಲ್ಲಿ ಮುತ್ತುಗ ಅರಳುತ್ತದೆ. ಶಹಾಪುರದ ಬೆಟ್ಟಗಳನ್ನು ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದೆ, ಅದನ್ನು ಒಂದೇ ಗೆರೆಯಲ್ಲಿ ಎಳೆದು ಬಿಟ್ಟರೂ ಸಾಕು. ಬೀದರ್ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗೋರಿಯೊಳಗೆ ಗುಮ್ಮಟದ ಕೆಳಗಿನ ಬಣ್ಣಗಾರಿಕೆ ನೋಡಿ ಬನ್ನಿ. ಹಗಲಿನಲ್ಲೂ ಒಳಗೆ ಕತ್ತಲೆ, ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಕೊಡಿ. ಆಮೇಲೆ ಕೆಂಪು, ಬಂಗಾರದ ಬಣ್ಣ ಒಂದೊಂದಾಗಿ ಎದ್ದು ಬರುತ್ತವೆ. ಸಿನಿಮಾ ಪೋಸ್ಟರ್ ಮತ್ತು ಕ್ಯಾಲೆಂಡರ್ ಚಿತ್ರಗಳಿಂದ ಮನೆಮನೆ ತಲುಪಿದ ಎಸ್.ಎಂ. ಪಂಡಿತ್ 1916ರಲ್ಲಿ ಹುಟ್ಟಿದ್ದು ಕಲಬುರಗಿಯಲ್ಲೇ. ಅವರ ಚಿತ್ರ ಎದುರಿಗೆ ಸಿಕ್ಕರೆ ದೇವರ ಮುಖದ ಮೇಲಿನ ಬೆಳಕನ್ನೇ ಗಮನಿಸಿ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ವಾರಗಟ್ಟಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಮಣ್ಣು, ಬಣ್ಣ ಮಾತ್ರ ಸಾಲುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರನ್ನೂ ಕಾಣಿ. ಔಷಧಿ ತಗೊಳ್ಳುತ್ತಲೇ ಬಣ್ಣ ಅರೆಯಬಹುದು, ಎರಡಕ್ಕೂ ಜಗಳವಿಲ್ಲ.

ಉಳಿದ ಬಣ್ಣವನ್ನು ಬಾಟಲಿ ಮುಚ್ಚಳಗಳಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿ, ಪದರ ಒಣಗಿದ ಮೇಲೆ ಇನ್ನೊಂದು ಪದರ ಹಾಕಿ ಒಣಗಿಸಿ. ಒಂದೇ ಸಲ ತುಂಬಿದರೆ ನಡುವೆ ಕುಗ್ಗಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಡಬ್ಬಿ ಗಟ್ಟಿಯಾಗಿ ಮುಚ್ಚುವ ಮುಂಚೆ ಬಣ್ಣ ಪೂರ್ತಿ ಒಣಗಿದೆಯಾ ಅಂತ ಬೆರಳಿಟ್ಟು ನೋಡಿ. ಬೇರೆ ಊರಿನ ಗೆಳೆಯರಿಗೆ ಒಂದೊಂದು ಮುಚ್ಚಳ ಕೊಟ್ಟು, ಅವರ ಊರಿನ ಮಣ್ಣು ಒಂದು ಹಿಡಿ ತರಿಸಿಕೊಳ್ಳಿ.