ಬಿ.ಎ. ಮೊದಲ ವರ್ಷಕ್ಕೆ ಬರವಣಿಗೆ ಕಲಿಸುವವರನ್ನು ಆರಿಸುವ ಬಗೆ

ಕೋಲಾರ ಜಿಲ್ಲೆಯ ಯಾವುದೇ ಪದವಿ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷದವರಿಗೆ ಬರವಣಿಗೆ ಕಲಿಸಲು ಒಬ್ಬ ಅಧ್ಯಾಪಕರನ್ನು ತೆಗೆದುಕೊಳ್ಳಬೇಕೆಂದಾಗ ಮೊದಲು ಚರ್ಚೆಗೆ ಬರುವುದು ಅರ್ಹತೆಯ ವಿಷಯ, ಮತ್ತು ಅದು ಬೇಗ ಮುಗಿಯುವಂಥದ್ದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರಾಗುವವರಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಯ ತೇರ್ಗಡೆ, ಇಲ್ಲವೇ ಯುಜಿಸಿ ನಿಯಮದಂತೆ ಪಡೆದ ಪಿಎಚ್.ಡಿ. ಇರಬೇಕು. ಮೀಸಲು ವರ್ಗಗಳಿಗೆ ಅಂಕದಲ್ಲಿ ಶೇ. 5ರ ವಿನಾಯಿತಿ ಉಂಟು. ಅತಿಥಿ ಉಪನ್ಯಾಸಕರನ್ನು ಕರೆಯುವಾಗಲೂ ಈ ಅರ್ಹತೆ ಇದ್ದವರ ಅರ್ಜಿಗಳನ್ನೇ ಮೇಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಈ ಜರಡಿಯಲ್ಲಿ ಉಳಿದವರ ಪೈಕಿ ಬರವಣಿಗೆ ಕಲಿಸಬಲ್ಲವರು ಯಾರೆಂಬುದು ಪ್ರಮಾಣಪತ್ರಗಳಿಂದ ತಿಳಿಯುವುದಿಲ್ಲ.

ಜಾಹೀರಾತು ಬರೆಯುವ ಮುನ್ನ ನಿಮ್ಮ ತರಗತಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದನ್ನು ಗಮನಿಸಿ. ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ಬರುವ ಹಲವರ ಮನೆಮಾತು ತೆಲುಗು. ಕೆಜಿಎಫ್‌ನವರಲ್ಲಿ ತಮಿಳು, ಪಟ್ಟಣದ ಅನೇಕ ಮನೆಗಳಲ್ಲಿ ಉರ್ದು. ಇವರಲ್ಲಿ ಬಹುಪಾಲು ಮಂದಿ ಪಿಯುಸಿವರೆಗೆ ಗೈಡ್ ನೋಡಿ ಐದು ಅಂಕದ ಉತ್ತರಗಳನ್ನು ಬಾಯಿಪಾಠ ಮಾಡಿ ಬಂದವರು, ‘ನೀವು ಏನು ಹೇಳುತ್ತೀರಿ, ಯಾವ ಆಧಾರದಿಂದ ಹೇಳುತ್ತೀರಿ’ ಎಂಬ ಪ್ರಶ್ನೆಯನ್ನು ಕಾಗದದ ಮೇಲೆ ಎದುರಿಸಿದವರಲ್ಲ. ಆದ್ದರಿಂದ ಜಾಹೀರಾತಿನಲ್ಲಿ ‘ಭಾಷಾ ಬೋಧನೆ’ ಎಂದಷ್ಟೇ ಹಾಕದೆ, ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ವಾದ ಕಟ್ಟಿ ಬರೆಯುವುದನ್ನು ಕಲಿಸುವ ಕೆಲಸವೆಂದು ಸ್ಪಷ್ಟವಾಗಿ ತಿಳಿಸಬೇಕು.

ಸಂದರ್ಶನಕ್ಕಿಂತ ಹೆಚ್ಚು ಹೊತ್ತನ್ನು ಒಂದು ಸಣ್ಣ ಪರೀಕ್ಷೆಗೆ ಮೀಸಲಿಡಿ. ಹಿಂದಿನ ವರ್ಷದ ವಿದ್ಯಾರ್ಥಿಯೊಬ್ಬರ ಒಪ್ಪಿಗೆ ಪಡೆದು, ಹೆಸರು ಅಳಿಸಿದ ಎರಡು ಪುಟದ ಬರಹವನ್ನು ಪ್ರತಿ ಅಭ್ಯರ್ಥಿಗೂ ಕೊಟ್ಟು, ಅರ್ಧ ಗಂಟೆಯಲ್ಲಿ ಅದನ್ನು ತಿದ್ದಿ ವಿದ್ಯಾರ್ಥಿಗೆ ನಾಲ್ಕು ಸಾಲಿನ ಟಿಪ್ಪಣಿ ಬರೆಯಲು ಹೇಳಿ. 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿರುವ ಕೆ.ಸಿ. ವ್ಯಾಲಿಯ ನೀರಿನ, ಅಂದರೆ ಬೆಂಗಳೂರಿನಿಂದ ಬರುವ ಸಂಸ್ಕರಿತ ಕೊಳಚೆ ನೀರಿನ ಕುರಿತ ಬರಹವಾದರೆ ಇನ್ನೂ ಒಳಿತು, ಏಕೆಂದರೆ ಇಲ್ಲಿನ ಪ್ರತಿಯೊಬ್ಬರಿಗೂ ಅದರ ಬಗ್ಗೆ ಒಂದು ಅಭಿಪ್ರಾಯವಿದೆ. ಆದರೂ ಹುಡುಗರು ‘ಇದರಿಂದ ಅನುಕೂಲವೂ ಇದೆ, ಅನಾನುಕೂಲವೂ ಇದೆ’ ಎಂದೇ ಬರೆಯುತ್ತಾರೆ. ಕೆಲವು ಅಭ್ಯರ್ಥಿಗಳು ಮಹಾಪ್ರಾಣಗಳಿಗೆಲ್ಲ ಕೆಂಪು ಸುತ್ತು ಹಾಕಿ ಪುಟವನ್ನು ಗಾಯಗೊಳಿಸಿ ಹಿಂದಿರುಗಿಸುತ್ತಾರೆ. ‘ಬಹಳ ಚೆನ್ನಾಗಿದೆ, ಇನ್ನೂ ಪ್ರಯತ್ನಿಸಿ’ ಎಂದು ಬರೆದು ಕೈತೊಳೆದುಕೊಳ್ಳುವವರೂ ಇರುತ್ತಾರೆ. ಕಾಗುಣಿತದ ತಪ್ಪುಗಳಲ್ಲಿ ಪದೇ ಪದೇ ಬರುವ ಎರಡನ್ನು ಮಾತ್ರ ಗುರುತಿಸಿ, ಅಂಚಿನಲ್ಲಿ ‘ನಿಮ್ಮೂರಿನ ಕೆರೆ ತುಂಬಿದ ಮೇಲೆ ಬೋರ್‌ವೆಲ್‌ಗಳಲ್ಲಿ ಏನಾಯಿತು? ಯಾರನ್ನು ಕೇಳಿದಿರಿ?’ ಎಂದು ಬರೆಯುವವರು ಸಿಕ್ಕರೆ, ಅವರ ಪ್ರಕಟಣೆಗಳ ಪಟ್ಟಿ ಚಿಕ್ಕದಿದ್ದರೂ ಬಿಡಬೇಡಿ. ಸ್ವತಃ ಸೊಗಸಾಗಿ ಬರೆಯುವವರೆಲ್ಲ ಬರವಣಿಗೆ ಕಲಿಸಬಲ್ಲರೆಂಬ ನಂಬಿಕೆ ನಮ್ಮ ಆಯ್ಕೆ ಸಮಿತಿಗಳಲ್ಲಿ ಬಲವಾಗಿದೆ. ನನಗಂತೂ ಅದರಲ್ಲಿ ವಿಶ್ವಾಸವಿಲ್ಲ.

ಈ ಟಿಪ್ಪಣಿಗಳನ್ನು ಓದುವಾಗ ಸಮಿತಿಯಲ್ಲಿ ಭಾಷಾ ವಿಭಾಗದವರಷ್ಟೇ ಅಲ್ಲದೆ ಇತಿಹಾಸ ಅಥವಾ ಸಮಾಜಶಾಸ್ತ್ರದ ಅಧ್ಯಾಪಕರೊಬ್ಬರೂ ಇರಲಿ. ಮಾದರಿ ಪಾಠವನ್ನು ಸಮಿತಿಯ ಮುಂದೆ ಮಾಡಿಸುವುದಕ್ಕಿಂತ ನಿಜವಾದ ತರಗತಿಯಲ್ಲಿ ಇಪ್ಪತ್ತು ನಿಮಿಷ ಮಾಡಿಸಿ, ಆ ಅವಧಿಯಲ್ಲಿ ವಿದ್ಯಾರ್ಥಿಗಳ ಪೆನ್ನು ಎಷ್ಟು ಹೊತ್ತು ಓಡಿತು ಎಂಬುದನ್ನು ನೋಡಿ.

ಇನ್ನು ಕಾರ್ಯಭಾರದ ಲೆಕ್ಕ. ಅರವತ್ತು ವಿದ್ಯಾರ್ಥಿಗಳು ಸೆಮಿಸ್ಟರಿಗೆ ನಾಲ್ಕು ಬರಹ ಕೊಟ್ಟರೆ, ಒಂದಕ್ಕೆ ಕಾಲು ಗಂಟೆಯಂತೆ ತಿದ್ದಲು ಅರವತ್ತು ಗಂಟೆ ಬೇಕು. ಹದಿನಾರು ವಾರಗಳಿಗೆ ಹಂಚಿದರೆ ವಾರಕ್ಕೆ ಸುಮಾರು ನಾಲ್ಕು ಗಂಟೆ. ವೇಳಾಪಟ್ಟಿಯಲ್ಲಿ ಪಾಠದ ಗಂಟೆಗಳನ್ನು ಮಾತ್ರ ಎಣಿಸಿ ಗೌರವಧನ ಕೊಟ್ಟರೆ, ಎರಡನೆಯ ತಿಂಗಳಿನಲ್ಲೇ ತಿದ್ದುವ ಕೆಲಸ ನಿಲ್ಲುತ್ತದೆ, ಮತ್ತು ಅದಕ್ಕೆ ಅಧ್ಯಾಪಕರನ್ನು ದೂರುವುದು ನ್ಯಾಯವಲ್ಲ. ತಿದ್ದುವ ಗಂಟೆಗಳನ್ನು ನೇಮಕಾತಿ ಆದೇಶದಲ್ಲೇ ಕಾಣಿಸಿ. ಅಷ್ಟು ಹಣವಿಲ್ಲದಿದ್ದರೆ ನಾಲ್ಕು ಬರಹವನ್ನು ಎರಡಕ್ಕೆ ಇಳಿಸಿ, ಆದರೆ ಪ್ರತಿಯೊಂದನ್ನೂ ಒಮ್ಮೆ ತಿದ್ದಿಸಿಕೊಂಡು ಮತ್ತೆ ಬರೆಸಿ.

ಆಯ್ಕೆ ಮುಗಿದ ಮೇಲೆ, ಪರೀಕ್ಷೆಗೆಂದು ಪಡೆದ ಆ ಎರಡು ಪುಟಗಳನ್ನು ಆಯ್ಕೆಯಾದವರ ಟಿಪ್ಪಣಿಯೊಂದಿಗೆ, ಅದನ್ನು ಬರೆದ ವಿದ್ಯಾರ್ಥಿಗೆ ಹಿಂದಿರುಗಿಸಿ.