16 ಬೋಗಿಗಳ ರೈಲು ಹಿಡಿದು ಹಳೆಯ ಹಾಡುಗಳತ್ತ

ಅಮೆರಿಕದ ಹಾಡುಗಳನ್ನು ಕಂಟ್ರಿ, ಸೋಲ್, ಪಂಕ್ ಅಂತ ಶೈಲಿಗೊಂದರಂತೆ ಬೇರೆ ಬೇರೆ ಪ್ಲೇಲಿಸ್ಟ್ ಮಾಡಿಕೊಂಡು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಈಗ ಒಂದೇ ಹಾಡನ್ನು ಹಿಡಿಯುತ್ತೇನೆ. ಅದನ್ನು ಮೊದಲು ಯಾರು ಹಾಡಿದರು, ಅವರಿಗಿಂತ ಮುಂಚೆ ಯಾರಿದ್ದರು ಅಂತ ಹಿಂದಕ್ಕೆ ಹೋಗುತ್ತೇನೆ. ಹಾಗೆ ಹೋದ ಒಂದು ದಾರಿಯನ್ನು ಹೇಳುತ್ತೇನೆ. ಹಾಡುಗಳನ್ನು ಹಾಕಿಕೊಂಡೇ ಓದಿ.

ಶುರು ಮಾಡಿದ್ದು ಟಾಕಿಂಗ್ ಹೆಡ್ಸ್ ಎಂಬ ರಾಕ್ ತಂಡದಿಂದ. ನ್ಯೂಯಾರ್ಕಿನ ಪಂಕ್ ಬೆಳೆದ ಸಿಬಿಜಿಬಿ ಕ್ಲಬ್ಬಿನಲ್ಲಿ 1975ರಲ್ಲಿ ರಮೋನ್ಸ್ ಎಂಬ ಪಂಕ್ ತಂಡದ ಕಾರ್ಯಕ್ರಮದಲ್ಲಿ ಅವರಿಗಿಂತ ಮೊದಲು ವೇದಿಕೆ ಹತ್ತಿ ಹಾಡಿದವರು ಇವರು. ‘ಟೇಕ್ ಮಿ ಟು ದ ರಿವರ್’ ಹಾಡನ್ನು 1978ರಲ್ಲಿ ತುಂಬಾ ನಿಧಾನ ಮಾಡಿ ಹಾಡಿದರು. ಕೇಳಿದರೆ ಯಾವುದೋ ಭಾರವನ್ನು ಎಳೆದುಕೊಂಡು ನಡೆದ ಹಾಗಿದೆ.

ಮೂಲ ಹಾಡು ಸೋಲ್ ಗಾಯಕ ಆಲ್ ಗ್ರೀನ್ ಅವರದು, 1974ರದ್ದು. ಅಮೆರಿಕದ ಮೆಂಫಿಸ್ ನಗರದ ರಾಯಲ್ ಸ್ಟುಡಿಯೊದ ಹಾಡು. ಆ ಸ್ಟುಡಿಯೊ ಮೊದಲು ಸಿನಿಮಾ ಟಾಕೀಸು ಆಗಿತ್ತು. ಹಾಡು ಬರೆಯಲು ಜೊತೆಯಾದ ಟೀನಿ ಹಾಡ್ಜಸ್ ಗಿಟಾರ್ ನುಡಿಸಿದ್ದಾರೆ. ಬೇಸ್ ಗಿಟಾರ್ ಮತ್ತು ಆರ್ಗನ್ ಅವರ ಸಹೋದರರದೇ. ಇಲ್ಲಿ ಹೆಡ್‌ಫೋನ್ ಹಾಕಿಕೊಳ್ಳಿ, ಬೇಸ್ ಮೇಲೆ ಮಾತ್ರ ಗಮನ ಇಡಿ. ಇದರಲ್ಲಿ ನಡಿಗೆ ಹಗುರ. ಒಂದೇ ಹಾಡು ಎಷ್ಟು ಬದಲಾಗಿದೆ ಅಂತ ಆಗ ಗೊತ್ತಾಗುತ್ತದೆ.

ಆದರೆ ನನ್ನನ್ನು ಮುಂದಕ್ಕೆ ಎಳೆದದ್ದು ಹಾಡಿನ ಆರಂಭದ ಮಾತು. ತೀರಿಕೊಂಡ ತಮ್ಮ ಸಂಬಂಧಿ ಲಿಟ್ಲ್ ಜೂನಿಯರ್ ಪಾರ್ಕರ್‌ಗೆ ಈ ಹಾಡನ್ನು ಅರ್ಪಿಸುತ್ತೇನೆ ಅಂತ ಆಲ್ ಗ್ರೀನ್ ಹೇಳುತ್ತಾರೆ. ಸುಮ್ನೆ ಕೇಳಿಸಿಕೊಂಡು ಮುಂದೆ ಹೋಗುವಂಥ ಮಾತಲ್ಲ ಅದು. ಪಾರ್ಕರ್ ಬ್ಲೂಸ್ ಗಾಯಕ. 1953ರಲ್ಲಿ ಅದೇ ಮೆಂಫಿಸ್‌ನಲ್ಲಿ, ಸ್ಯಾಮ್ ಫಿಲಿಪ್ಸ್ ಅವರ ಸನ್ ಎಂಬ ರೆಕಾರ್ಡ್ ಕಂಪನಿಗೆ ‘ಮಿಸ್ಟರಿ ಟ್ರೇನ್’ ಹಾಡಿದವರು. ಪ್ರೀತಿಸಿದವಳನ್ನು ಕರೆದೊಯ್ಯುವ ರೈಲಿನ ಹಾಡು. ಆ ರೈಲಿಗೆ 16 ಬೋಗಿ.

1955ರಲ್ಲಿ ಎಲ್ವಿಸ್ ಪ್ರೆಸ್ಲಿ ಅದೇ ಕಂಪನಿಗೆ ಅದೇ ಹಾಡನ್ನು ಹಾಡಿದರು. ಇಲ್ಲಿ ರೈಲು ಓಡುತ್ತದೆ! ಎಲ್ವಿಸ್ ಜೊತೆ ನುಡಿಸಿದ ಸ್ಕಾಟಿ ಮೂರ್ ಅವರ ಆ ಗಿಟಾರ್ ವರಸೆ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಪಾರ್ಕರ್ ರೆಕಾರ್ಡಿನ ಇನ್ನೊಂದು ಬದಿ ಕೇಳಬೇಕು. ಅಲ್ಲಿರುವ ‘ಲವ್ ಮೈ ಬೇಬಿ’ಯಲ್ಲಿ ಅದೇ ಗಿಟಾರ್ ವರಸೆ ಇದೆ. ಅದನ್ನು ಮೊದಲ ಸಲ ಗುರುತಿಸಿದಾಗ ಆದ ಖುಷಿ ಅಷ್ಟಿಷ್ಟಲ್ಲ. ಹಳೆಯ ರೆಕಾರ್ಡ್ ಯಾವುದೇ ಸಿಕ್ಕಿದರೂ ಎರಡೂ ಬದಿ ಕೇಳಿ. ಎಲ್ವಿಸ್ ರೆಕಾರ್ಡಿನಲ್ಲೂ ಅಷ್ಟೇ. ಇನ್ನೊಂದು ಬದಿಯ ಹಾಡು 1956ರಲ್ಲಿ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು.

ಆ 16 ಬೋಗಿಗಳ ರೈಲು ಇನ್ನೂ ಹಿಂದಿನದು. ಕಾರ್ಟರ್ ಫ್ಯಾಮಿಲಿ ಎಂಬ ಕಂಟ್ರಿ ತಂಡ 1930ರಲ್ಲಿ ಹಾಡಿದ ‘ವರೀಡ್ ಮ್ಯಾನ್ ಬ್ಲೂಸ್’ ಕೇಳಿ. ನದಿ ದಾಟಿ ಮಲಗಿದವನು ಎದ್ದು ನೋಡಿದರೆ ಕಾಲಿಗೆ ಸಂಕೋಲೆ. ನಂತರ 16 ಬೋಗಿಗಳ ರೈಲು ಬರುತ್ತದೆ, ಅವನ ಹುಡುಗಿಯನ್ನು ಒಯ್ಯುತ್ತದೆ. ವರ್ಜೀನಿಯಾದ ಈ ಮನೆಮಂದಿ ಇದನ್ನು ರೆಕಾರ್ಡ್ ಮಾಡಿದ್ದು ಎಲ್ಲಿ ಗೊತ್ತಾ? ಮೆಂಫಿಸ್‌ನಲ್ಲೇ.

ಕಪ್ಪುಜನರ ಬ್ಲೂಸ್, ಬಿಳಿಯರ ಕಂಟ್ರಿ ಅಂತ ಅಂಗಡಿಯವರು ಬೇರೆ ಬೇರೆ ಕಪಾಟಿನಲ್ಲಿಟ್ಟು ಮಾರಿದರು. ಹಾಡುವವರು ಮಾತ್ರ ಒಬ್ಬರದನ್ನೊಬ್ಬರು ಕಿವಿಗೊಟ್ಟು ಕೇಳುತ್ತಿದ್ದರು, ಅಲ್ವಾ?

ಒಂದು ಮಾತು. ಈ ದಾರಿಯನ್ನು ಒಂದೇ ಸಂಜೆ ಮುಗಿಸಬೇಡಿ. ಒಂದು ಹಾಡು ಗುನುಗುವಷ್ಟು ಆದಮೇಲೆ ಮುಂದಿನದಕ್ಕೆ ಹೋಗಿ. ನಾನೀಗ ಸೋಲ್ ಗಾಯಕ ಸಿಲ್ ಜಾನ್ಸನ್ 1975ರಲ್ಲಿ ಹಾಡಿದ ‘ಟೇಕ್ ಮಿ ಟು ದ ರಿವರ್’ ಕೇಳುತ್ತಿದ್ದೇನೆ. ಅದರಲ್ಲಿ ಹಾರ್ಮೋನಿಕಾ ಇದೆ. ಜೂನಿಯರ್ ಪಾರ್ಕರ್ ಕೂಡ ಹಾರ್ಮೋನಿಕಾ ನುಡಿಸುತ್ತಿದ್ದರು. ಅವರ ಆ ರೆಕಾರ್ಡುಗಳು ಇನ್ನೂ ಕೇಳಬೇಕಿವೆ.